ಅಪಾರ್ಟ್‌ಮೆಂಟ್ ನೆರೆಹೊರೆಯ ಜಗಳ: ಠಾಣೆಗೆ ಹೋಗುವ ಮೊದಲಿನ ದಾರಿಗಳು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟ್ ಸಂಘದ ದೂರಿನ ಪುಸ್ತಕವನ್ನು ತೆರೆದರೂ ಕಾಣುವ ತಕರಾರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮೇಲಿನ ಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಕುರ್ಚಿ ಎಳೆಯುವ ಸದ್ದು, ಮೇಲಿನವರ ಬಚ್ಚಲಿನಿಂದ ಕೆಳಗಿನವರ ಸೀಲಿಂಗಿಗೆ ಇಳಿಯುವ ನೀರು, ಬಾಲ್ಕನಿಯ ಕುಂಡಗಳಿಂದ ಕೆಳಗೆ ಒಣಹಾಕಿದ ಬಟ್ಟೆಯ ಮೇಲೆ ತೊಟ್ಟಿಕ್ಕುವ ಕೆಸರು, ಲಿಫ್ಟಿನೊಳಗೆ ನಾಯಿ, ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡು, ತಮ್ಮದಲ್ಲದ ಜಾಗದಲ್ಲಿ ನಿಲ್ಲಿಸಿದ ಕಾರು. ಬಿಡಿಯಾಗಿ ನೋಡಿದರೆ ಇವು ಯಾವುವೂ ದೊಡ್ಡವಲ್ಲ. ಹಾಗಾಗಿಯೇ ದೂರು ಕೊಟ್ಟವರನ್ನು ಜಗಳಗಂಟರೆಂದು ನೋಡುವವರು ಹೆಚ್ಚು. ಆದರೆ ಅದೇ ಸದ್ದು ಪ್ರತಿ ರಾತ್ರಿ, ಅದೇ ತೇವ ಪ್ರತಿ ಮಳೆಗಾಲ ಮರುಕಳಿಸಿದಾಗ, ಇಪ್ಪತ್ತು ವರ್ಷದ ಸಾಲ ಮಾಡಿ ಕೊಂಡ ಮನೆಯಲ್ಲಿ ನೆಮ್ಮದಿಯಿಂದ ಮಲಗಲಾಗದ ಸ್ಥಿತಿ ಬರುತ್ತದೆ. ಅಲ್ಲಿಂದ ಮುಂದೆ ಎರಡೂ ಮನೆಯವರು ಹಿಡಿಯುವ ದಾರಿಗಳು ಸಾಮಾನ್ಯವಾಗಿ ತಕರಾರನ್ನು ಬೆಳೆಸುತ್ತವೆ.

ಇಂಥ ತಕರಾರುಗಳಿಗೆ ಅನ್ವಯಿಸಬಹುದಾದ ಕಾನೂನಿಗೆ ನಮ್ಮಲ್ಲಿ ಕೊರತೆಯಿಲ್ಲ. ತೊಡಕೆಂದರೆ, ಅವುಗಳಲ್ಲಿ ಹೆಚ್ಚಿನವು ಬೀದಿ, ಕಾರ್ಖಾನೆ ಮತ್ತು ಧ್ವನಿವರ್ಧಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಒಂದೇ ಸ್ಲ್ಯಾಬಿನ ಮೇಲೂ ಕೆಳಗೂ ಬದುಕುವ ಎರಡು ಸಂಸಾರಗಳ ಅಳತೆಗೆ ಅವು ಹೊಂದುವುದಿಲ್ಲ. ಆ ಅಳತೆಯ ಅಧಿಕಾರ ಇರುವುದು ಮನೆಮಾಲೀಕರ ಸಂಘದ ಕೈಯಲ್ಲಿ. ಹೆಚ್ಚಿನ ಸಂಘಗಳು ಅದನ್ನು ಮೇಂಟೆನೆನ್ಸ್ ಬಾಕಿ ವಸೂಲಿಗಷ್ಟೇ ಬಳಸಿ, ನೆರೆಹೊರೆಯ ತಕರಾರು ಬಂದಾಗ 'ಅದು ನಿಮ್ಮಿಬ್ಬರ ವೈಯಕ್ತಿಕ ವಿಷಯ' ಎಂದು ಕೈತೊಳೆದುಕೊಳ್ಳುತ್ತವೆ.

ಮೊದಲು ಪೊಲೀಸರ ವಿಷಯವನ್ನು ನೋಡೋಣ, ಏಕೆಂದರೆ ತಾಳ್ಮೆ ಕೆಟ್ಟವರು ಮೊದಲು ಕರೆ ಮಾಡುವುದು 112ಕ್ಕೆ. ಹೊಯ್ಸಳ ವಾಹನ ಬರುತ್ತದೆ, ಸಿಬ್ಬಂದಿ ಮೇಲಿನ ಮನೆಯ ಬಾಗಿಲು ತಟ್ಟುತ್ತಾರೆ, ಸಂಗೀತದ ಸದ್ದು ಆ ರಾತ್ರಿಯ ಮಟ್ಟಿಗೆ ನಿಲ್ಲುತ್ತದೆ. ಮರುದಿನ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟರೆ ಸಿಗುವುದು ಹೆಚ್ಚೆಂದರೆ ಒಂದು ಹಿಂಬರಹ, ಅಥವಾ ಎರಡೂ ಕಡೆಯವರನ್ನು ಕರೆಸಿ ಬುದ್ಧಿವಾದ ಹೇಳಿ ಬರೆಸಿಕೊಂಡ ಮುಚ್ಚಳಿಕೆ. ಇದನ್ನು ಪೊಲೀಸರ ಉದಾಸೀನವೆಂದಷ್ಟೇ ತಿಳಿಯುವುದು ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 270ನೇ ಸೆಕ್ಷನ್ ಸಾರ್ವಜನಿಕ ಉಪದ್ರವವನ್ನು ವಿವರಿಸುತ್ತದೆ. ಅದರ ಪ್ರಕಾರ ತೊಂದರೆ ಸಾರ್ವಜನಿಕರಿಗೆ ಅಥವಾ ಆ ನೆರೆಯಲ್ಲಿ ವಾಸಿಸುವ ಜನರಿಗೆ ಸಾಮಾನ್ಯವಾಗಿ ಆಗುವಂತಿರಬೇಕು. ಒಂದು ಮನೆಯಿಂದ ಒಂದೇ ಮನೆಗೆ ಆಗುವ ಕಿರಿಕಿರಿ ಈ ವ್ಯಾಖ್ಯೆಯೊಳಗೆ ಸುಲಭವಾಗಿ ಬರುವುದಿಲ್ಲ. ಬಂದರೂ 292ನೇ ಸೆಕ್ಷನ್ ಹೇಳುವ ಶಿಕ್ಷೆ ಗರಿಷ್ಠ 1,000 ರೂಪಾಯಿ ದಂಡ, ಮತ್ತು ಅದು ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಠಾಣೆಯವರು ಮಾಡಬಹುದಾದದ್ದು ಅಷ್ಟೇ ಎಂದು ಅರಿತು ಹೋದರೆ ನಿರಾಶೆ ಕಡಿಮೆಯಾಗುತ್ತದೆ.

ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000, ಇನ್ನೊಂದು ಆಸರೆ. ವಸತಿ ಪ್ರದೇಶದಲ್ಲಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಎಂಬ ಮಿತಿಯನ್ನು ಅವು ನಿಗದಿ ಮಾಡಿವೆ. ಖಾಸಗಿ ಜಾಗದ ಧ್ವನಿ ಸಾಧನದ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ರಾತ್ರಿ ವೇಳೆ ವಸತಿ ಪ್ರದೇಶದಲ್ಲಿ ಬಳಸುವಂತಿಲ್ಲ. ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ನೀಡಿದ ಶಬ್ದಮಾಲಿನ್ಯದ ತೀರ್ಪಿನಲ್ಲಿ ಇನ್ನೂ ಮುಂದೆ ಹೋಗಿ, ಸದ್ದಿನಿಂದ ಮುಕ್ತವಾಗಿ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೂ, ತನ್ನ ಮನೆಯೊಳಗೇ ಆದರೂ ಅದರ ಎಲ್ಲೆ ದಾಟಿ ನೆರೆಯವರಿಗೆ ಉಪದ್ರವವಾಗುವಂತೆ ಸದ್ದು ಮಾಡುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿತು. ಕ್ಲಬ್‌ಹೌಸಿನಲ್ಲಿ ನಡುರಾತ್ರಿ ದಾಟಿದ ಪಾರ್ಟಿಗೂ, ಪಕ್ಕದ ನಿವೇಶನದಲ್ಲಿ ರಾತ್ರಿಯಿಡೀ ಕೊರೆಯುವ ಬೋರ್‌ವೆಲ್‌ಗೂ ಈ ನಿಯಮಗಳು ಚೆನ್ನಾಗಿ ಅನ್ವಯವಾಗುತ್ತವೆ. ಆದರೆ ನಿಯಮದ ಮಿತಿಗಳು ಒಂದು ಅವಧಿಯ ಸರಾಸರಿಯನ್ನು ಹೇಳುತ್ತವೆ. ಎರಡು ಸೆಕೆಂಡಿನ ಕುರ್ಚಿಯ ಕಿರುಚಾಟ, ಮಗು ಮಂಚದಿಂದ ಧುಮುಕಿದ ಒಂದು ದಡ್ ಸದ್ದು ಆ ಸರಾಸರಿಯಲ್ಲಿ ಮಾಯವಾಗುತ್ತವೆ. ಮಲಗಿದ್ದವರನ್ನು ಎಬ್ಬಿಸುವುದು ಆ ಎರಡು ಸೆಕೆಂಡೇ. ಮೊಬೈಲ್ ಆ್ಯಪಿನಲ್ಲಿ ಅಳೆದು ತೆಗೆದ ಸ್ಕ್ರೀನ್‌ಶಾಟಿಗೆ ಪುರಾವೆಯ ತೂಕ ಬರುವುದೂ ಕಷ್ಟ, ಏಕೆಂದರೆ ಫೋನಿನ ಮೈಕ್ ಪ್ರಮಾಣೀಕರಿಸಿದ ಅಳತೆಯ ಸಾಧನವಲ್ಲ.

ಉಳಿದದ್ದು ಸಿವಿಲ್ ನ್ಯಾಯಾಲಯ. ಖಾಸಗಿ ಉಪದ್ರವದ ಕಾನೂನು ನಮ್ಮಲ್ಲಿ ಯಾವ ಒಂದು ಕಾಯ್ದೆಯಲ್ಲೂ ಬರೆದಿಟ್ಟದ್ದಲ್ಲ, ತೀರ್ಪುಗಳಿಂದ ಬೆಳೆದದ್ದು. ವಸತಿ ಕಟ್ಟಡದಲ್ಲಿ ಹಿಟ್ಟಿನ ಗಿರಣಿ ನಡೆಸಿದ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟ್, ಸುತ್ತಲಿನ ಸದ್ದಿನ ಜೊತೆಗೆ ಗಣನೀಯವಾಗಿ ಸೇರಿಕೊಂಡು ವಾಸಿಸುವವರ ನೆಮ್ಮದಿ ಕೆಡಿಸುವ ಅಸಹಜ ಸದ್ದನ್ನು ತಡೆಯಬಹುದೆಂದು ಒಪ್ಪಿತ್ತು. ನಮ್ಮ ನ್ಯಾಯಾಲಯಗಳು ಇಂಥ ವಿಷಯದಲ್ಲಿ ಗೌರವದಿಂದ ಓದುವ ಇಂಗ್ಲಿಷ್ ತೀರ್ಪುಗಳಲ್ಲಿ ಎರಡು ಅಪಾರ್ಟ್‌ಮೆಂಟಿನವರಿಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು 1893ರ ಕ್ರಿಸ್ಟಿ ಮತ್ತು ಡೇವಿ ಪ್ರಕರಣ: ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಒಂದು ಮನೆಯವರು ಸಂಗೀತ ಪಾಠ ಹೇಳುತ್ತಿದ್ದರು, ಬೇಸತ್ತ ಪಕ್ಕದವರು ಪಾಠದ ಹೊತ್ತಿಗೆ ತಟ್ಟೆ ಬಡಿಯುವುದು, ಶಿಳ್ಳೆ ಹಾಕುವುದು, ಗೋಡೆ ಗುದ್ದುವುದು ಶುರುಮಾಡಿದರು. ನ್ಯಾಯಾಲಯ ತಡೆದದ್ದು ತಟ್ಟೆ ಬಡಿದವರನ್ನು. ಅವರ ಸದ್ದಿನ ಹಿಂದೆ ಕಾಡುವ ಉದ್ದೇಶವಿತ್ತು ಎಂಬುದೇ ಕಾರಣ. ಎರಡನೆಯದು 1999ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಸದರ್ಕ್ ಮತ್ತು ಮಿಲ್ಸ್ ಪ್ರಕರಣ. ಸದ್ದು ತಡೆಯುವ ಏರ್ಪಾಡೇ ಇಲ್ಲದ ಹಳೆಯ ಫ್ಲಾಟುಗಳಲ್ಲಿ ನೆರೆಯವರ ಮಾತು, ನಡಿಗೆ, ಟಿ.ವಿ. ಎಲ್ಲವೂ ಕೇಳಿಸುತ್ತಿದ್ದರೂ, ಮನೆಯನ್ನು ಮನೆಯಂತೆ ಬಳಸುವುದು ಉಪದ್ರವವಾಗಲಾರದು ಎಂದು ಅಲ್ಲಿ ತೀರ್ಮಾನವಾಯಿತು. ಮೇಲಿನ ಮನೆಯ ಮಗು ಓಡಾಡುತ್ತದೆಂದು ದಾವೆ ಹೂಡಲು ಹೊರಟವರು ಈ ಎರಡನೆಯದನ್ನು ಓದಿಕೊಂಡು ಹೋಗುವುದು ಒಳ್ಳೆಯದು. ದಾವೆ ಮುಗಿಯಲು ಹಿಡಿಯುವ ವರ್ಷಗಳ ಲೆಕ್ಕ ಬೇರೆಯೇ ಇದೆ.

ಸಂಗೀತದ ಮನೆ, ತಟ್ಟೆ ಬಡಿದ ಮನೆ, ಸದ್ದು ಸೋರುವ ಕಟ್ಟಡ: ಈ ಮೂರನ್ನು ಪಕ್ಕಪಕ್ಕ ಇಟ್ಟರೆ ನೆರೆಹೊರೆಯ ತಕರಾರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಹೊಳೆಯುತ್ತದೆ. ತೊಂದರೆಯ ಮೂಲ ಕಟ್ಟಡದಲ್ಲಿದೆಯೋ, ಬಳಕೆಯಲ್ಲಿದೆಯೋ, ದ್ವೇಷದಲ್ಲಿದೆಯೋ? ಸಂಕಟದಲ್ಲಿರುವವರು ಬಹುಮಟ್ಟಿಗೆ ನೇರವಾಗಿ ಮೂರನೆಯದನ್ನೇ ಊಹಿಸುತ್ತಾರೆ. ಬೇಕೆಂದೇ ಮಾಡುತ್ತಿದ್ದಾರೆ ಎಂಬ ಮಾತಿಲ್ಲದ ದೂರು ಅಪರೂಪ. ಆದರೆ ಸದ್ದು ಮತ್ತು ಸೋರಿಕೆಯ ಬಹಳಷ್ಟು ದೂರುಗಳ ಮೂಲ ಕಾಂಕ್ರೀಟಿನಲ್ಲಿರುತ್ತದೆ.

ನಮ್ಮ ವಸತಿ ಕಟ್ಟಡಗಳಲ್ಲಿ ಸ್ಲ್ಯಾಬಿನ ದಪ್ಪ ಸಾಮಾನ್ಯವಾಗಿ ಐದಾರು ಇಂಚು. ಅದರ ಮೇಲೆ ಗಾರೆ, ಗಾರೆಯ ಮೇಲೆ ವಿಟ್ರಿಫೈಡ್ ಟೈಲ್ಸು. ನಡುವೆ ಮೆತ್ತನೆಯ ಪದರವೇನೂ ಇರುವುದಿಲ್ಲ. ಮಾತು, ಹಾಡಿನಂಥ ಗಾಳಿಯಲ್ಲಿ ಬರುವ ಸದ್ದನ್ನು ಈ ಸ್ಲ್ಯಾಬು ತಕ್ಕಮಟ್ಟಿಗೆ ತಡೆಯುತ್ತದೆ. ಹಿಮ್ಮಡಿಯ ಹೆಜ್ಜೆ, ಬಿದ್ದ ಪಾತ್ರೆ, ನೆಲದ ಮೇಲೇ ಇಟ್ಟ ಗ್ರೈಂಡರ್, ಕುಟ್ಟಾಣಿಯ ಏಟು ಇವು ನೆಲವನ್ನೇ ಅಲುಗಿಸುವುದರಿಂದ ಕಾಂಕ್ರೀಟಿನ ಮೂಲಕವೇ ಹರಿಯುತ್ತವೆ. ತೊಲೆ ಕಂಬಗಳನ್ನು ಹಿಡಿದು ಸಾಗುವ ಈ ಸದ್ದು ಮೂಲಮನೆಯ ನೇರ ಕೆಳಗಲ್ಲದೆ ಓರೆಯಲ್ಲಿರುವ ಮನೆಯಲ್ಲೂ ಕೇಳಿಸುತ್ತದೆ, ಆದ್ದರಿಂದ ಮೇಲಿನವರದ್ದೇ ಎಂದು ಖಚಿತವಾಗಿ ನಂಬಿದ ಸದ್ದು ಎರಡು ಮಹಡಿ ಆಚೆಯ ಮನೆಯದ್ದಾಗಿರಬಹುದು. ಪರಿಹಾರಗಳು ಅಗ್ಗವೇ: ಕುರ್ಚಿ ಮೇಜಿನ ಕಾಲಿಗೆ ಫೆಲ್ಟ್ ಅಥವಾ ರಬ್ಬರಿನ ಬುಡ, ಗ್ರೈಂಡರಿನ ಕೆಳಗೆ ದಪ್ಪ ರಬ್ಬರ್ ಮ್ಯಾಟು, ಮಕ್ಕಳು ಆಡುವ ಕೋಣೆಗೆ ಕಾರ್ಪೆಟ್ಟು. ಇವುಗಳನ್ನು ಸಂಘವೇ ತರಿಸಿ ಕೊಟ್ಟರೂ ಜನರೇಟರಿನ ಒಂದು ತಿಂಗಳ ಡೀಸೆಲ್ ಖರ್ಚನ್ನು ಮೀರುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅರ್ಧಕ್ಕಿಂತ ಹೆಚ್ಚು ಸಂಸಾರಗಳು ಅಪಾರ್ಟ್‌ಮೆಂಟ್‌ಗಳಲ್ಲಿ ಬದುಕುವ ದಕ್ಷಿಣ ಕೊರಿಯಾದಲ್ಲಿ ಮಹಡಿಗಳ ನಡುವಿನ ಸದ್ದು ರಾಷ್ಟ್ರಮಟ್ಟದ ಸಮಸ್ಯೆ. ಅಲ್ಲಿ ಸ್ಲ್ಯಾಬು ಕನಿಷ್ಠ 210 ಮಿಲಿಮೀಟರ್ ಇರಬೇಕೆಂಬ ನಿಯಮವಿದೆ, ಹೆಜ್ಜೆ ಏಟುಗಳ ಸದ್ದಿಗೆ 2023ರಿಂದ ಹಗಲು 39, ರಾತ್ರಿ 34 ಡೆಸಿಬೆಲ್ ಎಂಬ ಪ್ರತ್ಯೇಕ ಅಳತೆಯಿದೆ, ಕಟ್ಟಡ ಮುಗಿದ ಮೇಲೆ ನೆಲದ ಪರೀಕ್ಷೆಯನ್ನು 2022ರ ಆಗಸ್ಟಿನಿಂದ ಕಡ್ಡಾಯ ಮಾಡಿದ್ದಾರೆ. ನಮ್ಮ ಶಬ್ದ ನಿಯಮಗಳಲ್ಲಿ ಈ ಬಗೆಯ ಸದ್ದಿಗೆ ಪ್ರತ್ಯೇಕ ಜಾಗವೇ ಇಲ್ಲ.

ನೀರಿನ ಸೋರಿಕೆಯಲ್ಲಿ ಜಗಳದ ಸ್ವರೂಪ ಬೇರೆ, ಏಕೆಂದರೆ ಇಲ್ಲಿ ಹಣ ಬರುತ್ತದೆ. ಕೆಳಗಿನವರ ಸೀಲಿಂಗಿನಲ್ಲಿ ಕಂಡ ಹಳದಿ ಕಲೆಗೆ ಮೇಲಿನವರ ಬಚ್ಚಲಿನ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿ) ಸುತ್ತಲಿನ ಬಿರುಕು ಕಾರಣವಿರಬಹುದು, ಟೈಲ್ಸಿನ ಸಂದಿಯ ಗ್ರೌಟು ಉದುರಿರಬಹುದು, ಡಕ್ಟಿನೊಳಗಿನ ಸಾಮಾನ್ಯ ಪೈಪು ಒಡೆದಿರಬಹುದು, ಹೊರಗೋಡೆಯ ಬಿರುಕಿನಿಂದ ಮಳೆನೀರು ಬಂದಿರಬಹುದು. ಮೊದಲೆರಡು ಮೇಲಿನ ಮನೆಯವರ ಖರ್ಚು, ಕೊನೆಯೆರಡು ಸಂಘದ ಖರ್ಚು. ಮೂಲ ಯಾವುದೆಂದು ತಿಳಿಯುವ ಮೊದಲೇ ಖರ್ಚು ಯಾರದ್ದೆಂದು ವಾದಿಸುವುದರಿಂದಲೇ ತಿಂಗಳುಗಳು ಕಳೆಯುತ್ತವೆ. ಬಚ್ಚಲಿನ ಹೊರದಾರಿ ಮುಚ್ಚಿ ಒಂದೆರಡು ದಿನ ನೀರು ನಿಲ್ಲಿಸಿ ನೋಡುವ ಪರೀಕ್ಷೆ, ಬೇಕಿದ್ದರೆ ಬಣ್ಣ ಬೆರೆಸಿದ ನೀರು, ಪ್ಲಂಬಿಂಗ್ ಲೈನುಗಳಿಗೆ ಒತ್ತಡದ ಪರೀಕ್ಷೆ: ಇವು ಟೈಲ್ಸು ಒಡೆಯುವ ಮೊದಲು ಆಗಬೇಕಾದ ಕೆಲಸ, ಮತ್ತು ಎರಡೂ ಮನೆಗೆ ಸೇರದ ಪ್ಲಂಬರಿನಿಂದ, ಎರಡೂ ಮನೆಯವರ ಎದುರಿಗೆ ಆಗಬೇಕು. ಮೇಲಿನವರು ಬಾಗಿಲೇ ತೆರೆಯದಿದ್ದರೆ ಏನು ಮಾಡುವುದು ಎಂಬುದು ಸಾಮಾನ್ಯ ಪ್ರಶ್ನೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರಲ್ಲೇ ಇದಕ್ಕೆ ಉತ್ತರವಿದೆ: ಸಾಮಾನ್ಯ ಭಾಗಗಳ ದುರಸ್ತಿಗಾಗಿಯೂ, ಸಾಮಾನ್ಯ ಭಾಗಕ್ಕೋ ಮತ್ತೊಂದು ಮನೆಗೋ ಹಾನಿಯಾಗದಂತೆ ತುರ್ತು ದುರಸ್ತಿ ಮಾಡಲಿಕ್ಕಾಗಿಯೂ ಯುಕ್ತ ವೇಳೆಯಲ್ಲಿ ಯಾವುದೇ ಅಪಾರ್ಟ್‌ಮೆಂಟಿನೊಳಗೆ ಪ್ರವೇಶಿಸುವ ಹಕ್ಕು ಸಂಘದ ಕಡೆಗಿದೆ. ನೋಟಿಸಿನಲ್ಲಿ ಈ ಮಾತನ್ನು ಬರೆದು ಕಳಿಸಿದರೆ ಬಾಗಿಲು ತೆರೆಯುವ ಸಾಧ್ಯತೆ ಬಹಳ ಹೆಚ್ಚು. ಕಟ್ಟಡ ಹೊಸದಾಗಿದ್ದರೆ ಇನ್ನೊಂದು ದಾರಿಯೂ ಉಂಟು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಂಡುಬಂದ ರಚನೆ, ಕಾಮಗಾರಿಯ ದೋಷವನ್ನು ತಿಳಿಸಿದ 30 ದಿನದಲ್ಲಿ ಬಿಲ್ಡರ್ ಖರ್ಚಿಲ್ಲದೆ ಸರಿಪಡಿಸಬೇಕು. ಮೇಲಿನವರೂ ಕೆಳಗಿನವರೂ ಪರಸ್ಪರ ಬೈದುಕೊಳ್ಳುತ್ತ ಈ ಐದು ವರ್ಷವನ್ನು ಕಳೆದುಬಿಟ್ಟರೆ ಲಾಭವಾಗುವುದು ಬಿಲ್ಡರಿಗೆ ಮಾತ್ರ.

ಅದೇ 1972ರ ಕಾಯ್ದೆಯಲ್ಲಿ, ಹೆಚ್ಚಿನ ಮನೆಮಾಲೀಕರು ಓದಿರದ ಇನ್ನೊಂದು ಅಂಶವಿದೆ. ಪ್ರತಿಯೊಬ್ಬ ಮಾಲೀಕರೂ ಬೈಲಾವನ್ನು, ಅಂದರೆ ಸಂಘದ ಒಳನಿಯಮಗಳನ್ನು, ಕಟ್ಟುನಿಟ್ಟಾಗಿ ಪಾಲಿಸಬೇಕು. ಪಾಲಿಸದಿದ್ದರೆ ನಷ್ಟ ಪರಿಹಾರಕ್ಕೋ ತಡೆಯಾಜ್ಞೆಗೋ ಸಂಘವು ದಾವೆ ಹೂಡಬಹುದು, ತಕ್ಕ ಸಂದರ್ಭದಲ್ಲಿ ತೊಂದರೆಗೊಳಗಾದ ಮಾಲೀಕರು ತಾವೇ ಹೂಡಬಹುದು. ಮಾದರಿ ಬೈಲಾದಲ್ಲಿ ಸದ್ದು, ವಾದ್ಯ, ರೇಡಿಯೋ, ಟಿ.ವಿ.ಗಳ ಬಗ್ಗೆ ನಿವಾಸಿಗಳು ಬಹಳ ಎಚ್ಚರ ವಹಿಸಬೇಕೆಂಬ ಮಾತಿದೆ, ಕಿಟಕಿ ಬಾಲ್ಕನಿಗಳ ಹೊರಕ್ಕೆ ಬಟ್ಟೆ ನೇತುಹಾಕಬಾರದೆಂಬ ನಿಷೇಧವಿದೆ. ಆದರೆ 'ಎಚ್ಚರ' ಎಂಬಷ್ಟಕ್ಕೆ ನಿಲ್ಲುವ ಬೈಲಾದಿಂದ ಯಾರನ್ನೂ ಕಟ್ಟಿಹಾಕಲಾಗುವುದಿಲ್ಲ. ಡ್ರಿಲ್ಲಿಂಗ್ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ನವೀಕರಣಕ್ಕೆ ಎಷ್ಟು ದಿನ ಮೊದಲು ತಿಳಿಸಬೇಕು, ಬಚ್ಚಲು ಒಡೆದು ಕಟ್ಟುವವರು ವಾಟರ್‌ಪ್ರೂಫಿಂಗ್ ಪರೀಕ್ಷೆಯನ್ನು ಯಾರ ಎದುರು ಮಾಡಬೇಕು ಎಂಬಂಥವನ್ನು ಮಹಾಸಭೆಯಲ್ಲಿ ಬೇಕಾದಷ್ಟು ಬಹುಮತದಿಂದ ಸೇರಿಸಿ ನೋಂದಾಯಿಸಬೇಕಾಗುತ್ತದೆ. ನಮ್ಮ ಅನೇಕ ಸಂಘಗಳು 1972ರ ಕಾಯ್ದೆಯಡಿ ಬಾರದೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡಿರುವುದು ಬೇರೆಯದೇ ತೊಡಕು. ಅಂಥವರಿಗೆ ಈ ಕಾಯ್ದೆಯ ಅಧಿಕಾರವನ್ನು ನ್ಯಾಯಾಲಯದಲ್ಲಿ ಹೇಳಿಕೊಳ್ಳುವುದು ಕಠಿಣವಾಗುತ್ತದೆ.

ಅಧಿಕಾರಕ್ಕೆ ಮಿತಿಯೂ ಇದೆ. ಬೈಲಾದಲ್ಲಿಲ್ಲದ ದಂಡ ಹಾಕುವುದು, ಮನೆಯ ನೀರು ನಿಲ್ಲಿಸುವುದು, ಬಾಡಿಗೆದಾರರ ಅತಿಥಿಗಳನ್ನು ಗೇಟಿನಲ್ಲಿ ತಡೆಯುವುದು ಸಂಘದ ಕೆಲಸವಲ್ಲ. ಅವಿವಾಹಿತ ಬಾಡಿಗೆದಾರರ ಮೇಲೆ ಮಾತ್ರ ಹೇರುವ ನಿಯಮಗಳು ಸದ್ದನ್ನು ಕಡಿಮೆ ಮಾಡಿದ್ದನ್ನು ಈ ಲೇಖಕ ಎಲ್ಲೂ ಕಂಡಿಲ್ಲ. ಮಾಂಸದ ಅಡುಗೆಯ ವಾಸನೆಯ ಬಗ್ಗೆ ಬರುವ ದೂರುಗಳನ್ನಂತೂ ಸಮಿತಿಗಳು ಬಹಳ ಎಚ್ಚರದಿಂದ ನೋಡಬೇಕು. ಮನೆಯಲ್ಲಿ ಅಡುಗೆ ಮಾಡುವುದು ಮನೆಯ ಸಹಜ ಬಳಕೆ, ಮತ್ತು ಆ ದೂರಿನಲ್ಲಿ ಮೂಗಿಗಿಂತ ಜಾತಿಯ ಪಾಲು ದೊಡ್ಡದಿರುವುದುಂಟು.

ಸಂಘ ಮಾಡಬೇಕಾದ ಕೆಲಸ ನಿಜಕ್ಕೂ ಸರಳ. ದೂರು ಲಿಖಿತವಾಗಿರಲಿ, ಅದರಲ್ಲಿ ದಿನಾಂಕ, ಹೊತ್ತು, ಎಷ್ಟು ಹೊತ್ತು ನಡೆಯಿತೆಂಬ ದಾಖಲೆ ಎರಡು ವಾರದಷ್ಟಾದರೂ ಇರಲಿ. ಸಮಿತಿಯ ಪದಾಧಿಕಾರಿಗಳಲ್ಲದ, ಆ ಬ್ಲಾಕಿನವರೂ ಅಲ್ಲದ ಮೂವರು ನಿವಾಸಿಗಳು, ಅವರಲ್ಲಿ ಒಬ್ಬರಾದರೂ ಬಾಡಿಗೆದಾರರು, ಮೊದಲು ಎರಡೂ ಮನೆಗಳಿಗೆ ಹೋಗಿ ಕೂತು ಕೇಳಲಿ. ಕೆಳಗಿನ ಮನೆಯಲ್ಲಿ ಕೂತಾಗ ಮೇಲೆ ಯಾರಾದರೂ ಎಂದಿನಂತೆ ಓಡಾಡಲಿ. ಆ ಸದ್ದನ್ನು ಮೇಲಿನವರೂ ಒಮ್ಮೆ ಕೆಳಗೆ ಬಂದು ಕೇಳಲಿ. ತಮ್ಮ ಮನೆಯ ಸದ್ದು ಕೆಳಗೆ ಹೇಗೆ ಕೇಳಿಸುತ್ತದೆಂದು ಅರಿಯದವರೇ ಹೆಚ್ಚು, ಕೇಳಿದ ಮೇಲೆ ಬಹಳಷ್ಟು ಜನ ತಾವಾಗಿಯೇ ಕಾರ್ಪೆಟ್ ಹಾಸುತ್ತಾರೆ. ಒಪ್ಪಿದ್ದನ್ನು ಒಂದು ಪುಟದಲ್ಲಿ ಬರೆದು ಸಹಿ ಮಾಡಿಸಿ, ಬಾಡಿಗೆಯ ಮನೆಯಾದರೆ ಒಂದು ಪ್ರತಿಯನ್ನು ಮಾಲೀಕರಿಗೂ ಕಳಿಸಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಈ ಯಾವುದೂ ನಡೆಯಬಾರದು. ಮುನ್ನೂರು ಮನೆಯವರ ಮುಂದೆ ಮರ್ಯಾದೆ ಕಳೆದುಕೊಂಡವರು ತಪ್ಪು ತಮ್ಮದೆಂದು ಗೊತ್ತಿದ್ದರೂ ಹಿಂದೆ ಸರಿಯಲಾರರು.

ವಿಚಿತ್ರವೆಂದರೆ, ಅಪಾರ್ಟ್‌ಮೆಂಟ್ ಜಗಳಕ್ಕೆಂದೇ ನಮ್ಮ ಕಾನೂನು ಒಂದು ಸಮಿತಿಯನ್ನು ಸೂಚಿಸಿರುವುದು ಬೀದಿನಾಯಿಗಳ ವಿಷಯದಲ್ಲಿ. ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023ರ 20ನೇ ನಿಯಮದ ಪ್ರಕಾರ ಆವರಣದ ನಾಯಿಗಳಿಗೆ ಊಟ ಹಾಕುವ ಏರ್ಪಾಡು ನಿವಾಸಿಗಳ ಸಂಘದ ಹೊಣೆ. ಜಾಗವು ಮಕ್ಕಳ ಆಟದ ಸ್ಥಳ, ಮೆಟ್ಟಿಲು, ಗೇಟುಗಳಿಂದ ದೂರವಿರಬೇಕು. ಒಪ್ಪಂದವಾಗದಿದ್ದರೆ ಪಶುವೈದ್ಯಾಧಿಕಾರಿ, ಪೊಲೀಸ್ ಪ್ರತಿನಿಧಿ, ಪ್ರಾಣಿ ಕಲ್ಯಾಣ ಸಂಸ್ಥೆಯವರು, ದೂರುದಾರರು, ಸಂಘದವರು ಕೂಡಿದ ಸಮಿತಿ ಜಾಗ ಗೊತ್ತುಮಾಡಬೇಕು. ನಾಯಿಗಾಗಿ ಇಷ್ಟು ವಿವರವಾಗಿ ಯೋಚಿಸಿದ ವ್ಯವಸ್ಥೆ, ಸೀಲಿಂಗಿನಿಂದ ನೀರು ತೊಟ್ಟಿಕ್ಕುವ ಮನೆಯವರ ಬಗ್ಗೆ ಯೋಚಿಸಿಲ್ಲ.

ಸಂಘದ ಮಟ್ಟದಲ್ಲಿ ಮುಗಿಯದ ತಕರಾರಿಗೆ ಮಧ್ಯಸ್ಥಿಕೆ ಮುಂದಿನ ಹಂತ. ಹೈಕೋರ್ಟಿನ ಆಶ್ರಯದಲ್ಲಿ 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ನ್ಯಾಯಾಲಯಗಳು ಪ್ರಕರಣ ಕಳಿಸುತ್ತವೆ. ದಾವೆ ಹೂಡುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿಗೆ ಹೋಗಬಹುದು. ಅಲ್ಲಿ ಒಪ್ಪಿದ್ದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ. ಸೋರಿಕೆಯ ಖರ್ಚಿನಂಥ ಹಣದ ವಿಷಯಕ್ಕೆ ಈ ದಾರಿ ಉತ್ತಮ. ಮಧ್ಯಸ್ಥಿಕೆ ಕಾಯ್ದೆ, 2023ರಲ್ಲಿ ಒಂದು ಪ್ರದೇಶದ ನಿವಾಸಿಗಳ ನೆಮ್ಮದಿ ಕದಡುವ ತಕರಾರುಗಳಿಗೆಂದೇ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯವಿದೆ: ಎರಡೂ ಕಡೆಯವರು ಒಪ್ಪಿದರೆ ಮೂವರು ಮಧ್ಯಸ್ಥರು ಕೂತು ಕೇಳುತ್ತಾರೆ. ಕಾಯ್ದೆಯ ಕೆಲವು ಸೆಕ್ಷನ್‌ಗಳನ್ನು 2023ರ ಅಕ್ಟೋಬರಿನಲ್ಲಿ ಜಾರಿಗೆ ತಂದ ಮೊದಲ ಅಧಿಸೂಚನೆಯಲ್ಲಿ ಈ ಅಧ್ಯಾಯ ಸೇರಿರಲಿಲ್ಲ. ಸಮುದಾಯ ಮಧ್ಯಸ್ಥಿಕೆಯಲ್ಲಿ ಆಗುವ ಒಪ್ಪಂದವನ್ನು ಡಿಕ್ರಿಯಂತೆ ಜಾರಿ ಮಾಡಿಸಲೂ ಬರುವುದಿಲ್ಲ. ಸಿಂಗಪುರ 2015ರಲ್ಲಿ ನೆರೆಹೊರೆಯ ತಕರಾರಿಗೆಂದೇ ನ್ಯಾಯಮಂಡಳಿ ತೆರೆದು, ಸದ್ದನ್ನು ಸಾಬೀತು ಮಾಡುವುದು ನಿವಾಸಿಗಳಿಗೆ ಕಷ್ಟವೆಂದು ಕಂಡುಕೊಂಡು, 2024ರ ತಿದ್ದುಪಡಿಯಲ್ಲಿ ತನಿಖೆ ಮಾಡುವ ಅಧಿಕಾರವನ್ನು ಅಧಿಕಾರಿಗಳಿಗೇ ಕೊಟ್ಟಿತು. ಪುರಾವೆ ಕೂಡಿಸುವ ಹೊರೆಯನ್ನು ನಿದ್ದೆಗೆಟ್ಟವರ ತಲೆಯಿಂದ ಇಳಿಸಿದ್ದು ಆ ತಿದ್ದುಪಡಿಯ ನಿಜವಾದ ಹೆಚ್ಚುಗಾರಿಕೆ.

ದ್ವೇಷದಿಂದ ಮಾಡುವ ಉಪದ್ರವಕ್ಕೆ ಮಾತ್ರ ಮಾತುಕತೆಯನ್ನು ಶಿಫಾರಸು ಮಾಡಲಾಗುವುದಿಲ್ಲ. ಬೆದರಿಕೆ, ಹೆಂಗಸರನ್ನು ಹಿಂಬಾಲಿಸುವುದು, ಬಾಗಿಲ ಮುಂದೆ ಕಸ ಸುರಿಯುವುದು, ಬೇಕೆಂದೇ ನೆಲ ಕುಟ್ಟುವುದು ಕಂಡರೆ ದಾಖಲೆ ಇಟ್ಟುಕೊಂಡು ನೇರವಾಗಿ ಠಾಣೆಗೆ ಹೋಗಬೇಕು. ಇಂಥ ಹಲವು ಕೃತ್ಯಗಳು ಬೇರೆ ಸೆಕ್ಷನ್‌ಗಳಡಿ ಗಂಭೀರ ಅಪರಾಧಗಳು. ಪೀಡಿತರನ್ನೂ ಪೀಡಿಸುವವರನ್ನೂ ಒಂದೇ ಮೇಜಿನೆದುರು ಕೂರಿಸಿ ರಾಜಿ ಮಾಡಿಸಲು ಹೊರಡುವ ಸಮಿತಿ ತನ್ನ ಪಾತ್ರವನ್ನು ತಪ್ಪಾಗಿ ತಿಳಿದಿದೆ.

ಐದು ದಶಕ ದಾಟಿದ 1972ರ ಕಾಯ್ದೆಗೆ ಬದಲಾಗಿ ಹೊಸದನ್ನು ತರುವ ಮಾತು ರಾಜ್ಯದಲ್ಲಿ ನಡೆದಿದೆ. ಚರ್ಚೆಯೆಲ್ಲ ಜಾಗದ ಹಕ್ಕು, ಕಾರ್ಪಸ್ ನಿಧಿ (ಸಂಘದ ಮೂಲನಿಧಿ), ಬಿಲ್ಡರಿನಿಂದ ಹಸ್ತಾಂತರ ಇವುಗಳ ಸುತ್ತಲೇ ಇದೆ, ಮತ್ತು ಅವು ಮುಖ್ಯವೇ. ಅದರ ಜೊತೆಗೆ ಸಂಘಕ್ಕೆ ಬಂದ ಉಪದ್ರವದ ದೂರಿಗೆ ನಿಗದಿತ ದಿನಗಳೊಳಗೆ ಲಿಖಿತ ಉತ್ತರ ಕಡ್ಡಾಯವಾಗಬೇಕು, ಉತ್ತರ ಬಾರದಿದ್ದರೆ ಸಕ್ಷಮ ಪ್ರಾಧಿಕಾರದ ಬಳಿ ಹೋಗುವ ಹಕ್ಕು ಬಾಡಿಗೆದಾರರಿಗೂ ಸೇರಿದಂತೆ ಎಲ್ಲ ನಿವಾಸಿಗಳಿಗೂ ಇರಬೇಕು. ವಾಸಯೋಗ್ಯ ಪ್ರಮಾಣಪತ್ರ ಕೊಡುವ ಮೊದಲು ನೆಲದ ಸದ್ದಿನ ಪರೀಕ್ಷೆಯೂ ಬಚ್ಚಲಿನ ನೀರಿನ ಪರೀಕ್ಷೆಯೂ ಆಗಬೇಕು. ಟೈಲ್ಸಿನ ಕೆಳಗೆ ಮೆತ್ತನೆಯ ಪದರ ಹಾಕಿಸಲು ತಕ್ಕ ಸಮಯ ಟೈಲ್ಸು ಕೂರಿಸುವ ಮೊದಲು. ಆಮೇಲೆ ಆ ಕೆಲಸದ ಖರ್ಚು ಮನೆ ಕೊಂಡವರದ್ದು, ಅವರು ಮಾಡಿಸದಿದ್ದರೆ ಸಂಕಟ ಕೆಳಗಿನವರದ್ದು.